ಊಟ ಬಲ್ಲವರೂ ಓಟ ಬಲ್ಲವರೂ



ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವ ನಾನು, ‘ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ’ ಎಂದು ಅದನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿರುವೆನೋ ಲೆಕ್ಕವಿಲ್ಲ. ಊಟವನ್ನು ಬಲ್ಲೆನೆಂಬ ನಂಬಿಕೆಯೂ ನನಗಿದ್ದಿತು. ಹೊತ್ತಿಗೆ ಸರಿಯಾಗಿ, ಮಿತವಾಗಿ ಉಣ್ಣುವವನು ನಾನು. ನಶ್ಯವನ್ನಾಗಲಿ ಹೊಗೆಸೊಪ್ಪನ್ನಾಗಲಿ ಮುಟ್ಟಿದವನಲ್ಲ.

ಕಳೆದ ಜೂನ್ ತಿಂಗಳಲ್ಲಿ ನಮ್ಮ ಶಾಲೆಯ ಹತ್ತನೆಯ ತರಗತಿಯನ್ನು ಮೇಲಿನ ಮಹಡಿಗೆ ಸಾಗಿಸಿದರು. ಮೊದಲ ದಿನ ಪುಸ್ತಕ ಹಿಡಿದು ಮೆಟ್ಟಲು ಹತ್ತಿ ತರಗತಿಯೊಳಕ್ಕೆ ಹೋದೆನು. ಪಾಠ ಆರಂಭಿಸಬೇಕೆಂದು ಬಾಯಿ ತೆರೆದರೆ ಮಾತಿಗೆ ಬದಲು ಏದುಸಿರು ಬಂದಿತು. ಮಕ್ಕಳು ಮುಖ ಮುಖ ನೋಡಿಕೊಂಡರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು, “ಸ್ವಲ್ಪ ಕೂತುಕೊಳ್ಳಿ ಸಾರ್” ಎಂದು ಕುರ್ಚಿಯನ್ನು ಎಳೆದುಕೊಟ್ಟಳು. ಆ ಕುರ್ಚಿಯಲ್ಲಿ ಕುಳಿತಾಗ ಆದ ನಾಚಿಕೆಯನ್ನು ನಾನಿನ್ನೂ ಮರೆತಿಲ್ಲ. ಸಂಜೆ ವೈದ್ಯರಲ್ಲಿಗೆ ಹೋದೆನು. ಅವರು ನಾಡಿಯನ್ನು ನೋಡಿದರು, ರಕ್ತದೊತ್ತಡವನ್ನು ಅಳೆದರು, ಹೃದಯದ ಬಡಿತವನ್ನು ಕಾಗದದ ಮೇಲೆ ತೆಗೆಯಿಸಿದರು. ಎಲ್ಲವೂ ಆದ ಮೇಲೆ ನಗುತ್ತ, “ರೋಗವೇನೂ ಇಲ್ಲ ಮೇಷ್ಟ್ರೆ. ನೀವು ಊಟ ಬಲ್ಲವರು, ಸರಿ, ಓಟ ಮರೆತಿದ್ದೀರಿ” ಎಂದರು.

ಓಟವನ್ನು ನಾನು ಮರೆತದ್ದು ಯಾವಾಗ? ಈ ಪ್ರಶ್ನೆಯ ಬೆನ್ನು ಹತ್ತಿ ಕೆಲವು ತಿಂಗಳು ಓದಿದೆನು. ನಾನೊಬ್ಬನೇ ಅಲ್ಲ, ಕುರ್ಚಿಯಲ್ಲಿ ಕುಳಿತು ಜೀವನ ಸಾಗಿಸುವ ಒಂದು ವರ್ಗವೇ ಓಟವನ್ನು ಮರೆತು, ಕಳೆದ ಎಪ್ಪತ್ತು ವರ್ಷಗಳಲ್ಲಿ ಅದನ್ನು ಮತ್ತೆ ಕಲಿಯತೊಡಗಿದೆಯೆಂದು ತಿಳಿಯಿತು. ಆ ಕಥೆಯನ್ನು ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಮಾತಿನಿಂದಲೇ ಹೊರಡೋಣ. ಕನ್ನಡ ಪಂಡಿತನಿಗೆ ಅದೇ ಸುಲಭದ ದಾರಿ. ನಮ್ಮ ನುಡಿಯಲ್ಲಿ ‘ಓಡು’ ಎಂಬ ಕ್ರಿಯಾಪದಕ್ಕೆ ಅಷ್ಟೇನೂ ಮರ್ಯಾದೆಯಿಲ್ಲ. ಸಾಲಗಾರನು ಊರು ಬಿಟ್ಟು ಓಡಿಹೋಗುತ್ತಾನೆ. ಸೋತ ಸೈನ್ಯ ಓಡುತ್ತದೆ. ಕಳ್ಳನು ಓಟ ಕೀಳುತ್ತಾನೆ. ಹಿರಿಯರು ಬರುವುದಾದರೆ ‘ದಯಮಾಡಿಸುತ್ತಾರೆ’, ದೇವರ ಉತ್ಸವವಾದರೆ ‘ಬಿಜಯಮಾಡಿಸುತ್ತದೆ’. ಓಡುವುದು ಮಕ್ಕಳಿಗೆ ಆಟ, ಆಳುಗಳಿಗೆ ಕೆಲಸ, ಗೃಹಸ್ಥನಿಗೆ ಅಪಮಾನ ಎಂಬಂತೆ ನಮ್ಮ ಭಾಷೆಯೇ ತೀರ್ಪು ಕೊಟ್ಟುಬಿಟ್ಟಿದೆ. ಪಲ್ಲಕ್ಕಿಯಲ್ಲಿ ಕುಳಿತವನು ದೊಡ್ಡವನು, ಅದರ ಮುಂದೆ ಓಡುವವನು ಸಣ್ಣವನು.

ಆದರೆ ರಾಜ್ಯಗಳು ನಡೆದುದು ಆ ಸಣ್ಣವರ ಕಾಲಿನ ಬಲದಿಂದ. ಇಂದು ನಾವು ಯಾವುದಾದರೂ ಚಳವಳಿಗೆ ಮೊದಲಿಗರಾದವರನ್ನು ‘ಹರಿಕಾರ’ರೆಂದು ಕರೆದು ಹಾರ ಹಾಕುತ್ತೇವೆ. ಪಾರಸಿಯ ‘ಹರ್‌ಕಾರಾ’ ಎಂಬ ಮಾತಿನಿಂದ ಬಂದ ಈ ಶಬ್ದಕ್ಕೆ ಮೊದಲಿದ್ದ ಅರ್ಥ ಓಲೆಯನ್ನು ಹೊತ್ತು ಓಡುವ ಆಳು ಎಂದು. ಮೈಸೂರಿನಲ್ಲಿ 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅಂಚೆಯ ವ್ಯವಸ್ಥೆಯನ್ನು ನಾಡಿನಲ್ಲಿ ನೆಲೆಗೊಳಿಸಿದರೆಂಬುದು ಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ತಿಳಿದ ವಿಷಯ. ಕಾಗದಗಳ ಜೊತೆಗೆ ಸೀಮೆಯ ಗುಟ್ಟಿನ ಸುದ್ದಿಗಳೂ ಆ ಅಂಚೆಯ ಮೂಲಕ ಅರಮನೆಗೆ ಬರುತ್ತಿದ್ದವು. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯೊಡನೆ ಸೇರಿಹೋಗುವವರೆಗೆ ಮೈಸೂರು ಅಂಚೆ ಪ್ರತ್ಯೇಕವಾಗಿಯೇ ನಡೆಯಿತು. ಹಳಗನ್ನಡದಲ್ಲಿ ‘ಅಂಚೆ’ ಎಂದರೆ ಹಂಸಪಕ್ಷಿ. ದಮಯಂತಿಯ ಬಳಿಗೆ ನಳನ ಮಾತನ್ನು ಒಯ್ದ ಹಂಸವನ್ನು ನೆನೆದರೆ, ಕಾಗದ ತರುವವನಿಗೆ ಇದಕ್ಕಿಂತ ಚೆಲುವಾದ ಹೆಸರು ಸಿಕ್ಕಲಾರದು ಎನ್ನಿಸುತ್ತದೆ.

ಆದರೆ ನಮ್ಮ ಅಂಚೆಯ ಹಂಸಗಳು ಬರಿಗಾಲಿನವು. ರೈಲು ಬರುವ ಮುನ್ನ ನಾಡಿನಲ್ಲೆಲ್ಲ ಟಪ್ಪಾಲಿನ ಚೀಲವನ್ನು ಕೋಲಿಗೆ ಸಿಕ್ಕಿಸಿ ಹೆಗಲ ಮೇಲಿಟ್ಟುಕೊಂಡು ಓಟಗಾರರು ಓಡುತ್ತಿದ್ದರು. ಕೋಲಿಗೆ ಕಟ್ಟಿದ ಕಿರುಗೆಜ್ಜೆಗಳ ಸದ್ದು ಕಾಡುಮೃಗಗಳನ್ನು ಹೆದರಿಸುವುದಕ್ಕೂ ಆಗುತ್ತಿತ್ತು, ದಾರಿ ಬಿಡಿರೆಂದು ಹೇಳುವುದಕ್ಕೂ ಆಗುತ್ತಿತ್ತು. ಕೆಲವು ಮೈಲಿ ಓಡಿದ ಮೇಲೆ ಕಟ್ಟೆಯ ಬಳಿ ಕಾದಿದ್ದ ಇನ್ನೊಬ್ಬನು ಚೀಲವನ್ನು ಹೊತ್ತುಕೊಂಡು ಮುಂದಕ್ಕೆ ಓಡುವನು. ದಟ್ಟವಾದ ಕಾಡಿನ ದಾರಿಯಾದರೆ ಪಂಜಿನವರೂ ತಮಟೆಯವರೂ ಜೊತೆಗೆ ಹೋಗುವುದಿತ್ತು. 1937ರಲ್ಲಿ ಇಂಡಿಯಾ ಸರ್ಕಾರ ಹೊರಡಿಸಿದ ಎರಡಾಣೆಯ ಅಂಚೆಚೀಟಿಯ ಮೇಲೆ ಇಂತಹ ಓಟಗಾರನ ಚಿತ್ರವಿದ್ದಿತು. ಈ ಓಟಗಾರನು ಆರೋಗ್ಯಕ್ಕಾಗಿ ಓಡಿದವನಲ್ಲ, ಹೊಟ್ಟೆಗಾಗಿ ಓಡಿದವನು. ಮಳೆ, ಜ್ವರ, ಹಾವು, ಹುಲಿ, ಅರೆಹೊಟ್ಟೆ ಇವೆಲ್ಲವೂ ಅವನ ಸಂಗಾತಿಗಳೇ. ಆದುದರಿಂದ ‘ಹಿಂದಿನವರು ದುಡಿಯುತ್ತಿದ್ದರು, ಗಟ್ಟಿಯಾಗಿದ್ದರು’ ಎಂದು ನಾವು ಸುಲಭವಾಗಿ ಆಡುವ ಮಾತಿನ ಹಿಂದೆ ಎಷ್ಟು ಸಂಕಟವಿದೆ ಎಂಬುದನ್ನು ಮರೆಯಬಾರದು.

ಹಾಗಾದರೆ ಶರೀರದ ಸ್ವಾಸ್ಥ್ಯಕ್ಕಾಗಿಯೇ ಮಾಡುವ ಶ್ರಮದ ವಿಚಾರ ನಮ್ಮ ಹಿಂದಿನವರಿಗೆ ತಿಳಿದಿರಲಿಲ್ಲವೆ? ಚೆನ್ನಾಗಿ ತಿಳಿದಿದ್ದಿತು. ಚರಕ, ಸುಶ್ರುತ, ವಾಗ್ಭಟ ಈ ಮೂವರೂ ವ್ಯಾಯಾಮದ ವಿಷಯವನ್ನು ದಿನದ ಆಚರಣೆಯಲ್ಲಿಯೇ ಸೇರಿಸಿ ಹೇಳಿದ್ದಾರೆ. ಮೈ ಹಗುರವಾಗುವುದು, ಕೆಲಸ ಮಾಡುವ ಶಕ್ತಿ ಬರುವುದು, ಹಸಿವು ಚುರುಕಾಗುವುದು, ಕೊಬ್ಬು ಕರಗುವುದು ಇವೇ ಅದರ ಫಲಗಳು. ಇವುಗಳಿಗಿಂತ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಅವರು ಹಾಕಿರುವ ಮಿತಿ. ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟು ಮಾತ್ರ ಮಾಡಬೇಕು ಎಂದು ಸುಶ್ರುತನ ವಿಧಿ. ಅರ್ಧಬಲವನ್ನು ಅಳೆಯುವುದು ಹೇಗೆ? ಅದಕ್ಕೂ ಅವನು ಲಕ್ಷಣವನ್ನು ಕೊಟ್ಟಿದ್ದಾನೆ: ಎದೆಯಲ್ಲಿರುವ ಉಸಿರು ಬಾಯಿಗೆ ಬರತೊಡಗಿದರೆ ಅರ್ಧಬಲ ಮುಗಿಯಿತೆಂದು ತಿಳಿಯಬೇಕು. ಅತಿಯಾಗಿ ಮಾಡುವವನು ಆನೆಯನ್ನು ಎಳೆಯಹೋದ ಸಿಂಹದಂತೆ ನಾಶವಾಗುತ್ತಾನೆ ಎಂದು ಚರಕನೂ ವಾಗ್ಭಟನೂ ಎಚ್ಚರಿಸಿದ್ದಾರೆ. ಈ ಉಸಿರಿನ ಅಳತೆಯನ್ನು ತಾವು ನೆನಪಿನಲ್ಲಿಡಬೇಕೆಂದು ನನ್ನ ವಿನಂತಿ. ಮುಂದೆ ಬಹು ದೂರದ ಒಂದು ದೇಶದಲ್ಲಿ ಇದೇ ಮಾತು ಬೇರೆ ವೇಷದಲ್ಲಿ ನಮಗೆ ಸಿಕ್ಕಲಿದೆ.

ಗರಡಿಮನೆಗಳು ಈ ವಿದ್ಯೆಯ ಒಂದು ಶಾಖೆಯನ್ನು ಉಳಿಸಿಕೊಂಡು ಬಂದವು. ಕೆಮ್ಮಣ್ಣಿನ ಮಟ್ಟಿ, ದಂಡ, ಬಸ್ಕಿ, ಗದೆ ಇವುಗಳ ನೆನಪು ಹಳೆಯ ಮೈಸೂರಿನ ಬೀದಿಗಳಲ್ಲಿ ಬೆಳೆದವರಿಗೆ ಇದ್ದೇ ಇರುತ್ತದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬೆಂಗಳೂರಿನ ಕೆ. ವಿ. ಅಯ್ಯರ್ ಅವರು ವ್ಯಾಯಾಮಶಾಲೆಯನ್ನು ಕಟ್ಟಿ, ಅಂಚೆಯ ಮೂಲಕವೂ ಅಂಗಸಾಧನೆಯ ಪಾಠಗಳನ್ನು ಕಳುಹಿಸುತ್ತಿದ್ದರು. ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರು ಇವರೇ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ಆರಂಭವಾಯಿತು. ಆದರೂ ಗರಡಿಯೆಂದರೆ ಹರೆಯದ ಹುಡುಗರಿಗೆ ಎಂಬ ಭಾವನೆಯೇ ಜನದಲ್ಲಿ ಹೆಚ್ಚು. ಮದುವೆಯಾಗಿ, ಮಕ್ಕಳಾಗಿ, ಕಚೇರಿಯ ಕುರ್ಚಿ ಸಿಕ್ಕಿದ ಮೇಲೆ ವ್ಯಾಯಾಮದ ಮಾತೆಲ್ಲಿ? ಆ ಕುರ್ಚಿಯೇ ಅಪಾಯದ ಸ್ಥಾನವೆಂದು ಯಾರಿಗೂ ತಿಳಿದಿರಲಿಲ್ಲ. ಅದನ್ನು ಲೆಕ್ಕ ಹಾಕಿ ತೋರಿಸಿದವನು ಲಂಡನ್ನಿನ ಒಬ್ಬ ವೈದ್ಯ.

ಆತನ ಹೆಸರು ಜೆರಿ ಮಾರಿಸ್. 1910ರಲ್ಲಿ ಹುಟ್ಟಿ, ಗ್ಲಾಸ್ಗೋ ನಗರದ ಬಡ ಕುಟುಂಬದಲ್ಲಿ ಬೆಳೆದು ವೈದ್ಯನಾದವನು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ವೈದ್ಯನಾಗಿ ನಮ್ಮ ದೇಶದಲ್ಲಿಯೂ ಬರ್ಮಾದಲ್ಲಿಯೂ ಕೆಲಸ ಮಾಡಿದ್ದನು. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುವುದು ಹೆಚ್ಚುತ್ತ ಬಂದಿದ್ದಿತು. ಕಾರಣ ತಿಳಿಯದು. ಜನರು ಮಾಡುವ ಕೆಲಸಕ್ಕೂ ಈ ರೋಗಕ್ಕೂ ಸಂಬಂಧವಿರಬಹುದೆ ಎಂದು ಮಾರಿಸ್ ವಿಚಾರಿಸಹೊರಟನು. ಅದಕ್ಕಾಗಿ ಅವನೂ ಅವನ ಸಂಗಡಿಗರೂ ಆರಿಸಿಕೊಂಡ ಜನರಲ್ಲಿ ಮುಖ್ಯರಾದವರು ಲಂಡನ್ನಿನ ಸಾರಿಗೆ ನೌಕರರು, ಸುಮಾರು 31,000 ಮಂದಿ.

ಲಂಡನ್ನಿನ ಕೆಂಪು ಬಸ್ಸಿಗೆ ಎರಡು ಅಂತಸ್ತು. ಆ ಕಾಲದಲ್ಲಿ ಅದಕ್ಕೆ ಡ್ರೈವರ್ ಒಬ್ಬ, ಕಂಡಕ್ಟರ್ ಒಬ್ಬ ಇರುತ್ತಿದ್ದರು. ಇಬ್ಬರೂ ಒಂದೇ ವರ್ಗದ ಜನ, ಒಂದೇ ಬಸ್ಸಿನಲ್ಲಿ ಕೆಲಸ. ವ್ಯತ್ಯಾಸ ಇಷ್ಟೇ: ಡ್ರೈವರನು ದಿನವೆಲ್ಲ ಕುಳಿತಿರುತ್ತಿದ್ದನು, ಕಂಡಕ್ಟರನು ಟಿಕೆಟು ಕೊಡುತ್ತ ಮೇಲಂತಸ್ತಿಗೂ ಕೆಳಗಂತಸ್ತಿಗೂ ದಿನಕ್ಕೆ 500ರಿಂದ 750 ಮೆಟ್ಟಲು ಹತ್ತುತ್ತಿದ್ದನು. ಲೆಕ್ಕ ಹಾಕಿ ನೋಡಿದಾಗ ಹೃದ್ರೋಗ ಡ್ರೈವರುಗಳಿಗಿಂತ ಕಂಡಕ್ಟರುಗಳಲ್ಲಿ ಕಡಮೆಯಿದ್ದಿತು. ರೋಗ ಬಂದ ಕಂಡಕ್ಟರುಗಳಲ್ಲಿಯೂ ಅದು ತಡವಾಗಿ ಬಂದಿದ್ದಿತು, ಪ್ರಾಣ ತೆಗೆಯುವಷ್ಟು ಉಗ್ರವಾಗಿದ್ದುದು ಕಡಮೆ. ಆದರೆ ಬಸ್ಸು ನಡೆಸುವವನ ಮನಸ್ಸಿನ ಮೇಲೆ ಬೀಳುವ ಭಾರವೇ ಇದಕ್ಕೆ ಕಾರಣವಾಗಿರಬಾರದೇಕೆ? ಈ ಸಂದೇಹವಿದ್ದುದರಿಂದ ಮಾರಿಸ್ ಅಂಚೆ ಇಲಾಖೆಯ ಲೆಕ್ಕವನ್ನೂ ನೋಡಿದನು. ಅಲ್ಲಿಯೂ ನಡೆದು, ಸೈಕಲ್ ತುಳಿದು ಕಾಗದ ಹಂಚುವ ಪೋಸ್ಟ್‌ಮನ್ನುಗಳಿಗೆ, ಕುಳಿತು ಬರೆಯುವ ಗುಮಾಸ್ತರಿಗಿಂತಲೂ ಟೆಲಿಫೋನಿನ ಕೆಲಸದವರಿಗಿಂತಲೂ ಈ ರೋಗ ಕಡಮೆ. 1953ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಈ ವಿಷಯ ಪ್ರಕಟವಾಯಿತು. ಗೆಜ್ಜೆಯ ಕೋಲು ಹಿಡಿದು ಓಡಿದ ನಮ್ಮ ಅಂಚೆಯವನು ಸಣ್ಣವನೆನ್ನಿಸಿಕೊಂಡಿದ್ದನಷ್ಟೆ. ಅವನ ವೃತ್ತಿಬಂಧುವಾದ ಲಂಡನ್ನಿನ ಪೋಸ್ಟ್‌ಮನ್, ಕುರ್ಚಿಯಲ್ಲಿ ಕುಳಿತ ದೊಡ್ಡವರಿಗೆ ಪಾಠ ಹೇಳುವಂತಾಯಿತು.

ವಿದ್ವಾಂಸರು ಸುಲಭವಾಗಿ ಒಪ್ಪಲಿಲ್ಲ. ಸ್ಥೂಲಕಾಯರು ಮೊದಲಿನಿಂದಲೇ ಕುಳಿತುಕೊಳ್ಳುವ ಕೆಲಸವನ್ನು ಆರಿಸಿಕೊಂಡಿರಬಹುದಲ್ಲವೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಮಾರಿಸನ ತಂಡದವರು ಇದಕ್ಕೆ ಉತ್ತರ ಹುಡುಕಿದ ರೀತಿಯನ್ನು ಓದಿ ನನಗೆ ನಗುವೂ ಬಂತು, ಗೌರವವೂ ಹುಟ್ಟಿತು. ಸಾರಿಗೆ ಸಂಸ್ಥೆಯವರು ನೌಕರರಿಗೆ ಸಮವಸ್ತ್ರ ಹೊಲಿಸಿಕೊಡುತ್ತಿದ್ದರು. ಷರಾಯಿಯ ಸೊಂಟದ ಅಳತೆಗಳೆಲ್ಲ ಅವರ ಕಡತದಲ್ಲಿದ್ದವು. 1956ರಲ್ಲಿ ಆ ಅಳತೆಗಳನ್ನೇ ತೆಗೆದು ಪರಿಶೀಲಿಸಿದರು. ಡ್ರೈವರುಗಳ ಸೊಂಟ ಕಂಡಕ್ಟರುಗಳದಕ್ಕಿಂತ ದೊಡ್ಡದೆಂಬುದು ನಿಜವೇ ಆಯಿತು. ಆದರೆ ಸಣ್ಣ ಸೊಂಟದವರನ್ನು ಸಣ್ಣ ಸೊಂಟದವರೊಡನೆ, ದಪ್ಪನೆಯವರನ್ನು ದಪ್ಪನೆಯವರೊಡನೆ ಹೋಲಿಸಿದಾಗಲೂ ಕಂಡಕ್ಟರನದೇ ಮೇಲುಗೈ. ಮೈ ತೆಳ್ಳಗಿದ್ದ ಮಾತ್ರಕ್ಕೆ ಕುಳಿತವನಿಗೆ ರಕ್ಷಣೆಯಿಲ್ಲ ಎಂಬುದು ಇದರ ತಾತ್ಪರ್ಯ. ನನ್ನಂತಹ ತೆಳ್ಳನೆಯ ಮೇಷ್ಟರು ಇದನ್ನು ಗಮನಿಸಬೇಕು.

ಹಾಗಾದರೆ ಕಚೇರಿಯ ಕುರ್ಚಿಯನ್ನು ಬಿಡಲಾರದವರ ಗತಿಯೇನು? ಮಾರಿಸ್ ಈ ಪ್ರಶ್ನೆಗೂ ಉತ್ತರ ಹುಡುಕಿದನು. 1968ರಿಂದ 1970ರವರೆಗೆ ಕುಳಿತೇ ಕೆಲಸ ಮಾಡುವ ಸುಮಾರು 17,000 ಮಂದಿ ಸರ್ಕಾರಿ ಅಧಿಕಾರಿಗಳಿಂದ ಒಂದು ಸೋಮವಾರ ಬೆಳಗ್ಗೆ, ಮುನ್ಸೂಚನೆಯಿಲ್ಲದೆ, ಹಿಂದಿನ ಶುಕ್ರವಾರ ಮತ್ತು ಶನಿವಾರ ಅವರು ಏನೇನು ಮಾಡಿದರೆಂದು ಬರೆಯಿಸಿದನು. ಬಿಡುವಿನಲ್ಲಿ ಈಜು, ಓಟ, ಬಿರುಸಾದ ನಡಿಗೆ, ತೋಟದ ಕಷ್ಟದ ಕೆಲಸ ಇಂತಹವನ್ನು ಮಾಡುವವರಿಗೆ ಹೃದ್ರೋಗದ ಭಯ ಬಹಳ ಕಡಮೆಯೆಂದು 1973ರಲ್ಲಿ ತೋರಿಸಿಕೊಟ್ಟನು. ಸಂಬಳಕ್ಕಾಗಿ ಹತ್ತಿದ ಮೆಟ್ಟಲಿನಿಂದ ಬರುವ ಫಲವನ್ನು ಸಂತೋಷಕ್ಕಾಗಿ ಓಡಿದ ಓಟದಿಂದಲೂ ಪಡೆಯಬಹುದು ಎಂದಾಯಿತು. ತಾನು ಹೇಳಿದ್ದನ್ನು ತಾನೇ ಆಚರಿಸಿ, ಲಂಡನ್ನಿನ ಹ್ಯಾಂಪ್‌ಸ್ಟೆಡ್ ಬಯಲಿನಲ್ಲಿ ಆತನು ಓಡುತ್ತಿದ್ದನು. ನೋಡಿದವರು ನಕ್ಕರು. 2009ರಲ್ಲಿ ತೀರಿಕೊಂಡಾಗ ಆತನಿಗೆ 99 ವರ್ಷ.

ಲೆಕ್ಕ ಲಂಡನ್ನಿನಲ್ಲಿ ಸಿದ್ಧವಾದರೂ ಸಾಮಾನ್ಯ ಗೃಹಸ್ಥನನ್ನು ಬೀದಿಗಿಳಿಸಿ ಓಡಿಸಿದ ಕೀರ್ತಿ ನ್ಯೂಜಿಲೆಂಡಿನ ಒಬ್ಬ ಚಮ್ಮಾರನದು. ಆರ್ಥರ್ ಲಿಡಿಯಾರ್ಡ್ 1917ರಲ್ಲಿ ಆಕ್ಲೆಂಡಿನಲ್ಲಿ ಹುಟ್ಟಿದವನು. ಪಾದರಕ್ಷೆಯ ಕಾರ್ಖಾನೆಯಲ್ಲಿ ಕೆಲಸ. ರಗ್ಬಿ ಆಡಿದವನಾದುದರಿಂದ ತಾನು ಗಟ್ಟಿಮುಟ್ಟಾದವನೆಂದೇ ನಂಬಿದ್ದನು. ಇನ್ನೂ ಮೂವತ್ತು ತುಂಬುವ ಮೊದಲು ಒಂದು ದಿನ ತನಗಿಂತ ಹಿರಿಯನಾದ ಸ್ನೇಹಿತನೊಬ್ಬನ ಜೊತೆ ಐದು ಮೈಲಿ ಓಡಹೋಗಿ, ಎದೆ ಬಿರಿಯುವಂತಾಗಿ, ಈಗಲೇ ಹೀಗಾದರೆ ಇನ್ನಿಪ್ಪತ್ತು ವರ್ಷಕ್ಕೆ ನನ್ನ ಪಾಡೇನು ಎಂದು ಯೋಚನೆಗೆ ಬಿದ್ದನು. ನನಗೆ ಮೆಟ್ಟಲು ಕಲಿಸಿದ ಪಾಠವನ್ನು ಅವನಿಗೆ ಆ ಐದು ಮೈಲಿ ಕಲಿಸಿತು. ವ್ಯತ್ಯಾಸವೆಂದರೆ ಅವನು ಬೇಗ ಕಲಿತನು. ವರ್ಷಗಟ್ಟಲೆ ತನ್ನ ಶರೀರದ ಮೇಲೆಯೇ ಪ್ರಯೋಗ ಮಾಡಿಕೊಂಡನು. ಕೆಲವು ವಾರ ನೂರು ಮೈಲಿಗೂ ಹೆಚ್ಚು ಓಡುವನು, ಕೆಲವು ವಾರ ಕಡಮೆ. ಕೊನೆಗೆ ಅವನು ಕಂಡುಕೊಂಡ ಸತ್ಯವಿಷ್ಟು: ವೇಗದಿಂದಲ್ಲ, ನಿಧಾನವಾಗಿ ಬಹಳ ಹೊತ್ತು ಓಡುವುದರಿಂದ ಉಸಿರು ಪಳಗುತ್ತದೆ.

ಅವನ ನೆರೆಹೊರೆಯ ಹುಡುಗರು ಅವನ ಹಿಂದೆ ಓಡತೊಡಗಿದರು. 1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸಿನಲ್ಲಿ, ಒಂದೇ ಸಂಜೆ, ಅವನ ಶಿಷ್ಯ ಪೀಟರ್ ಸ್ನೆಲ್ 800 ಮೀಟರಿನಲ್ಲಿಯೂ ಇನ್ನೊಬ್ಬ ಶಿಷ್ಯ ಮರ್ರೆ ಹಾಲ್ಬರ್ಗ್ 5,000 ಮೀಟರಿನಲ್ಲಿಯೂ ಚಿನ್ನದ ಪದಕ ಗೆದ್ದರು. ಹಾಲ್ಬರ್ಗನ ಎಡಗೈ ರಗ್ಬಿ ಆಟದ ಪೆಟ್ಟಿನಿಂದ ಸ್ವಾಧೀನ ತಪ್ಪಿದ್ದಿತು. ಮೂರನೆಯ ಶಿಷ್ಯ ಬ್ಯಾರಿ ಮಗೀ ಮ್ಯಾರಥಾನ್ ಓಟದಲ್ಲಿ ಕಂಚು ಪಡೆದನು. ಲೋಕವೆಲ್ಲ ಲಿಡಿಯಾರ್ಡನತ್ತ ತಿರುಗಿತು. ಪದಕಗಳ ಕಥೆ ದೊಡ್ಡದೇ. ಆದರೆ ನಮಗೆ ಬೇಕಾದುದು ಅನಂತರದ ಕಥೆ. ವಯಸ್ಸಾದ ವ್ಯಾಪಾರಿಗಳೂ, ಹೃದಯಾಘಾತದಿಂದ ಬದುಕುಳಿದವರೂ ಲಿಡಿಯಾರ್ಡನನ್ನು ಕಂಡು, ನಾವೂ ಓಡಬಹುದೆ ಎಂದು ಕೇಳಿದರು. ಹೃದ್ರೋಗಿಗೆ ಹಾಸಿಗೆಯೇ ಔಷಧವೆಂದು ನಂಬಿದ್ದ ಕಾಲವದು. 1962ರಲ್ಲಿ, ಮುಂದೆ ಆಕ್ಲೆಂಡಿನ ಮೇಯರ್ ಆದ ಕಾಲಿನ್ ಕೇ ಮೊದಲಾದವರೊಡನೆ ಕೂಡಿ ಕಟ್ಟಿದ ಆಕ್ಲೆಂಡ್ ಜಾಗರ್ಸ್ ಕ್ಲಬ್ಬಿನಲ್ಲಿ ಇಂತಹವರನ್ನು ಸೇರಿಸಿಕೊಂಡರು. ನಿಯಮ ಬಹಳ ಸರಳ: ಸ್ವಲ್ಪ ಓಡು, ದಣಿದರೆ ನಡೆ, ಮತ್ತೆ ಓಡು, ಯಾರೊಡನೆಯೂ ಸ್ಪರ್ಧೆ ಬೇಡ, ಪಕ್ಕದವನೊಡನೆ ಮಾತನಾಡಲಾಗದಷ್ಟು ವೇಗವಾಗಿ ಓಡಬೇಡ.

ವಾಚಕರೆ, ಇದನ್ನು ಓದಿದಾಗ ನಾನು ಪುಸ್ತಕವನ್ನು ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನು. ಉಸಿರು ಬಾಯಿಗೆ ಬಂದರೆ ಅರ್ಧಬಲ ಮುಗಿಯಿತು ಎಂದ ಸುಶ್ರುತನೂ, ಮಾತು ನಿಲ್ಲುವಂತೆ ಓಡಬೇಡ ಎಂದ ಆಕ್ಲೆಂಡಿನ ಚಮ್ಮಾರನೂ ಹೇಳಿದುದು ಒಂದೇ ಮಾತನ್ನು. ಒಬ್ಬರನ್ನೊಬ್ಬರು ಓದಿದವರಲ್ಲ. ಇಬ್ಬರೂ ಓದಿದುದು ಮನುಷ್ಯನ ಶರೀರವನ್ನು.

1962ರ ಕೊನೆಯಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾನಿಲಯದ ಓಟದ ಗುರು ಬಿಲ್ ಬೋವರ್‌ಮನ್ ತನ್ನ ಶಿಷ್ಯರೊಡನೆ ನ್ಯೂಜಿಲೆಂಡಿಗೆ ಬಂದನು. ವಯಸ್ಸು 51. ಲಿಡಿಯಾರ್ಡ್ ಆತನನ್ನು ಭಾನುವಾರದ ಓಟಕ್ಕೆ ಕರೆದೊಯ್ದನು. ಲೋಕಪ್ರಸಿದ್ಧರಾದ ಓಟಗಾರರನ್ನು ತಯಾರು ಮಾಡಿದ ಆ ಗುರು ಸ್ವಲ್ಪ ದೂರದಲ್ಲಿಯೇ ಏದುಸಿರು ಬಿಡುತ್ತ ಹಿಂದುಳಿದನು. ಎಪ್ಪತ್ತು ದಾಟಿದ ಮುದುಕನೊಬ್ಬ, ಅದೂ ಹೃದಯಾಘಾತಗಳನ್ನು ಕಂಡು ಬಂದವನು, ಅವನ ಜೊತೆಯಲ್ಲಿಯೇ ನಿಧಾನವಾಗಿ ಮಾತನಾಡಿಸುತ್ತ ಓಡಿ ದಾರಿ ಮುಟ್ಟಿಸಿದನು. ಶಿಷ್ಯರಿಗೆ ವಿದ್ಯೆ ಹೇಳಿ ತಾನು ಬರಿಗೈಯಾಗಿದ್ದೆನೆಂಬ ಅರಿವು ಬೋವರ್‌ಮನ್ನನಿಗೆ ಆಗ ಆಯಿತು. ನಮ್ಮ ಮೇಷ್ಟರ ಕುಲಕ್ಕೆ ಇದು ಹೊಸದಲ್ಲ.

ಊರಿಗೆ ಹಿಂದಿರುಗಿ 1963ರಲ್ಲಿ ಬೋವರ್‌ಮನ್ ಯೂಜೀನ್ ನಗರದ ಜನರನ್ನು ಓಟದ ಬಯಲಿಗೆ ಕರೆದನು. ಮೊದಲು ಬಂದವರು ಕೆಲವರು. ಕೆಲವೇ ವಾರಗಳಲ್ಲಿ ನೂರಾರು, ಸಾವಿರಾರು ಜನ ನೆರೆದರು. ಯಾರಿಗಾದರೂ ಅಪಾಯವಾದೀತೆಂಬ ಹೆದರಿಕೆಯಿಂದ ಅವರನ್ನು ಮನೆಗೆ ಕಳುಹಿಸಿ, ವಾಲ್ಡೊ ಹ್ಯಾರಿಸ್ ಎಂಬ ಹೃದ್ರೋಗತಜ್ಞನ ಸಹಾಯದಿಂದ ನಡುವಯಸ್ಸಿನವರ ಮೇಲೆ ಕ್ರಮವಾಗಿ ಪರೀಕ್ಷೆ ನಡೆಸಿದನು. 1967ರಲ್ಲಿ ಇಬ್ಬರೂ ಸೇರಿ ಬರೆದ ‘ಜಾಗಿಂಗ್’ ಎಂಬ ಪುಸ್ತಕ ಹೊರಬಂದಿತು. ಮರುವರ್ಷ ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ ‘ಏರೋಬಿಕ್ಸ್’ ಎಂಬ ಗ್ರಂಥವನ್ನು ಬರೆದು, ಹನ್ನೆರಡು ನಿಮಿಷದಲ್ಲಿ ಎಷ್ಟು ದೂರ ಓಡಬಲ್ಲೆ ಎಂಬುದರಿಂದ ಹೃದಯದ ಬಲವನ್ನು ಅಳೆಯುವ ಕ್ರಮವನ್ನು ಪ್ರಚಾರಪಡಿಸಿದನು. ಅಲ್ಲಿಂದ ಮುಂದೆ ಓಟದ ಗೀಳು ದೇಶ ದೇಶಗಳಿಗೆ ಹಬ್ಬಿತು. ವ್ಯಾಪಾರವೂ ಹಿಂದೆಯೇ ಬಂತು. ಬೋವರ್‌ಮನ್ ತನ್ನ ಶಿಷ್ಯನೊಬ್ಬನೊಡನೆ 1964ರಲ್ಲಿ ಆರಂಭಿಸಿದ ಷೂ ಮಾರಾಟದ ಸಣ್ಣ ಕಂಪೆನಿಯೇ ಇಂದಿನ ನೈಕಿ.

ಇದುವರೆಗೆ ಹೇಳಿದುದೆಲ್ಲ ಗಂಡಸರ ಕಥೆಯಾಯಿತೆಂದು ಮನೆಯ ಹೆಣ್ಣುಮಕ್ಕಳು ಆಕ್ಷೇಪಿಸಿದರೆ ಅದು ನ್ಯಾಯವೇ. 1928ರ ಆಮ್‌ಸ್ಟರ್‌ಡಾಂ ಒಲಿಂಪಿಕ್ಸಿನಲ್ಲಿ ಹೆಂಗಸರ 800 ಮೀಟರ್ ಓಟ ನಡೆಯಿತು. ಓಟ ಮುಗಿದಾಗ ಅವರು ದಣಿದುದನ್ನೇ ದೊಡ್ಡದು ಮಾಡಿ, ಹೆಣ್ಣಿನ ಶರೀರಕ್ಕೆ ಇದು ಸಲ್ಲದೆಂದು ಆ ಓಟವನ್ನೇ ತೆಗೆದುಹಾಕಿದರು. ಮತ್ತೆ ಸೇರಿಸಿದುದು 1960ರಲ್ಲಿ. 1966ರಲ್ಲಿ ಬಾಬಿ ಗಿಬ್ ಎಂಬಾಕೆ ಅಮೆರಿಕದ ಬಾಸ್ಟನ್ ಮ್ಯಾರಥಾನಿಗೆ ಅನುಮತಿ ಸಿಕ್ಕದೆ, ಪೊದೆಯ ಮರೆಯಲ್ಲಿ ನಿಂತಿದ್ದು, ಓಟ ಆರಂಭವಾದ ಮೇಲೆ ಗಂಡಸರ ಗುಂಪಿನಲ್ಲಿ ಸೇರಿಕೊಂಡು 26 ಮೈಲಿಯನ್ನೂ ಓಡಿ ಮುಗಿಸಿದಳು. ಮರುವರ್ಷ ಕ್ಯಾಥ್ರಿನ್ ಸ್ವಿಟ್ಸರ್ ಓಡುತ್ತಿದ್ದಾಗ ಅಧಿಕಾರಿಯೊಬ್ಬನು ನಡುದಾರಿಯಲ್ಲಿ ಅವಳನ್ನು ಹಿಡಿದೆಳೆದು, ಎದೆಯ ಮೇಲಿನ ಸಂಖ್ಯೆಯನ್ನು ಕೀಳಹೋದನು. ಅವಳು ನಿಲ್ಲಲಿಲ್ಲ. 1972ರಲ್ಲಿ ಬಾಸ್ಟನ್ನಿನವರು ಹೆಂಗಸರಿಗೆ ಅನುಮತಿ ಕೊಟ್ಟರು. ಒಲಿಂಪಿಕ್ಸಿನಲ್ಲಿ ಹೆಂಗಸರ ಮ್ಯಾರಥಾನ್ ನಡೆದುದು 1984ರಲ್ಲಿ. ಓಡಲಾರರೆಂದು ಗಂಡಸರು ಹೇಳಿದ ಹೆಂಗಸರ ತಾಯಂದಿರೂ ಅಜ್ಜಿಯರೂ ಅದೇ ವೇಳೆಗೆ ಎಷ್ಟೋ ದೇಶಗಳಲ್ಲಿ ಮೈಲಿಗಟ್ಟಲೆ ದೂರದಿಂದ ನೀರು ಹೊರುತ್ತಿದ್ದರು. ಅದಕ್ಕೆ ಮಾತ್ರ ಯಾರೂ ಅಡ್ಡ ಬರಲಿಲ್ಲ. ನನ್ನ ತಾಯಿಯೂ ಬಾವಿಯಿಂದ ನೀರು ಸೇದಿ, ಒಳಕಲ್ಲಿನಲ್ಲಿ ರುಬ್ಬಿ, ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದವಳು. ಅವಳಿಗಿದ್ದುದು ದುಡಿಮೆ, ವ್ಯಾಯಾಮವಲ್ಲ. ತನಗೆಂದು ಅರ್ಧ ಗಂಟೆಯನ್ನು ಅವಳು ಎಂದೂ ಪಡೆಯಲಿಲ್ಲ.

ಓಟವೇ ಸಂಜೀವಿನಿಯೆಂದು ನಂಬಿಬಿಡುವುದೂ ತಪ್ಪು. ಅಮೆರಿಕದ ಜೇಮ್ಸ್ ಫಿಕ್ಸ್ ಎಂಬ ಲೇಖಕನು ಸಿಗರೇಟು ಬಿಟ್ಟು, ಮೈ ಇಳಿಸಿ, ಓಟದ ಮೇಲೆ 1977ರಲ್ಲಿ ಒಂದು ಪ್ರಸಿದ್ಧ ಪುಸ್ತಕವನ್ನು ಬರೆದನು. ಅದನ್ನು ಓದಿ ಲಕ್ಷಾಂತರ ಜನ ಓಡಿದರು. 1984ರಲ್ಲಿ, 52ನೆಯ ವಯಸ್ಸಿನಲ್ಲಿ, ಆತನು ಓಡುತ್ತಿದ್ದಾಗಲೇ ಹೃದಯಾಘಾತದಿಂದ ಬಿದ್ದು ಸತ್ತನು. ಓಟವೇ ಕೊಂದಿತು ಎಂದು ಸೋಮಾರಿಗಳು ಸಂತೋಷಪಟ್ಟರು. ಪರೀಕ್ಷಿಸಿ ನೋಡಿದರೆ ಹೃದಯದ ರಕ್ತನಾಳಗಳು ಮೊದಲೇ ಕಟ್ಟಿಹೋಗಿದ್ದವು. ಆತನ ತಂದೆಯೂ 43ನೆಯ ವಯಸ್ಸಿನಲ್ಲಿ ಹೃದ್ರೋಗದಿಂದಲೇ ತೀರಿಕೊಂಡವನು. ವಂಶದಿಂದ ಬಂದುದನ್ನೂ ಹಿಂದೆ ಸೇದಿದ ಹೊಗೆಯನ್ನೂ ಓಟ ಪೂರ್ತಿಯಾಗಿ ಅಳಿಸಲಾರದು. ಎದೆನೋವು, ತಲೆಸುತ್ತು, ಕಾರಣವಿಲ್ಲದ ಏದುಸಿರು ಇದ್ದವರು ಮೊದಲು ವೈದ್ಯರನ್ನು ಕಾಣಬೇಕು. ಬಹಳ ಕಾಲ ಕುಳಿತಿದ್ದವರು ಮೊದಲು ನಡೆಯಬೇಕು, ಆಮೇಲೆ ಓಡಬೇಕು.

ಇನ್ನು ನಮ್ಮ ನಾಡಿನ ಇಂದಿನ ಸ್ಥಿತಿ. ಬೆಂಗಳೂರಿನಲ್ಲಿ 2008ರಲ್ಲಿ ಮೊದಲ ಬಾರಿ ಹತ್ತು ಕಿಲೋಮೀಟರಿನ ದೊಡ್ಡ ಓಟ ನಡೆದಾಗಿನಿಂದ ಸಾವಿರಾರು ಜನ ಅದರಲ್ಲಿ ಓಡುತ್ತಾರೆ. ಲಾಲ್‌ಬಾಗಿನಲ್ಲಿ ಬೆಳಗ್ಗೆ ಕಾಲಿಡಲು ಜಾಗವಿರುವುದಿಲ್ಲ. ಇದನ್ನು ಕಂಡು ನಾವೆಲ್ಲ ಎಚ್ಚೆತ್ತಿದ್ದೇವೆಂದು ತಿಳಿದರೆ ಮೋಸಹೋದಂತೆ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಮೆ ಅರ್ಧ ಮಂದಿಗೆ, ಎಂದರೆ ನೂರರಲ್ಲಿ 42 ಗಂಡಸರಿಗೂ 57 ಹೆಂಗಸರಿಗೂ, ಸಾಕಷ್ಟು ದೇಹಶ್ರಮವಿರಲಿಲ್ಲ. ಸಾಕಷ್ಟು ಎಂದರೆ ಎಷ್ಟು? ವಾರಕ್ಕೆ 150ರಿಂದ 300 ನಿಮಿಷ ಬಿರುಸಾದ ನಡಿಗೆಯಂತಹ ಸಾಧಾರಣ ಶ್ರಮ, ಇಲ್ಲವೆ 75ರಿಂದ 150 ನಿಮಿಷ ಓಟದಂತಹ ಹೆಚ್ಚಿನ ಶ್ರಮ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದಿನಕ್ಕೆ ಅರ್ಧ ಗಂಟೆಯ ನಡಿಗೆಯಾದರೂ ಸಾಕೆಂದು ಅರ್ಥ. ವಾರ್ತೆಗಳು ಮುಗಿದು ಒಂದು ಸಂಗೀತ ಕಾರ್ಯಕ್ರಮ ಕೇಳುವಷ್ಟು ಹೊತ್ತು.

ಇಲ್ಲಿ ನಾನೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಪಾಠ ಮುಗಿಸುವ ಆತುರದಲ್ಲಿ ಆಟದ ಪಿರಿಯಡ್ಡನ್ನು ಕೇಳಿ ಪಡೆಯುವ ಮೇಷ್ಟರಲ್ಲಿ ನಾನೂ ಒಬ್ಬ. ಮಕ್ಕಳು ಕಿಟಕಿಯಿಂದ ಬಯಲನ್ನು ನೋಡುತ್ತಿರುವಾಗ ನಾನು ಸಮಾಸಗಳನ್ನು ಬಿಡಿಸಿ ಹೇಳಿದ್ದೇನೆ. ಡ್ರಿಲ್ ಮಾಸ್ತರು ಸಜ್ಜನರು, ಎಂದೂ ಇಲ್ಲವೆಂದವರಲ್ಲ. ಓಟವನ್ನು ಮನುಷ್ಯ ಮರೆಯುವುದು ಯಾವಾಗ ಎಂಬ ನನ್ನ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದ್ದಿತು. ಅವನಿಗೆ ಮರೆಯಿಸುತ್ತಾರೆ, ಮರೆಯಿಸುವವರು ನಾವು. ಮೆಟ್ಟಲ ಮೇಲೆ ನನಗೆ ಕುರ್ಚಿ ಕೊಟ್ಟ ಹುಡುಗಿಗೆ ಪ್ರತಿಯಾಗಿ ನಾನು ಕೊಡುತ್ತ ಬಂದುದೂ ಅದೇ ಕುರ್ಚಿಯನ್ನೇ.

ಈ ವರ್ಷ ಆಟದ ಪಿರಿಯಡ್ಡನ್ನು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಮನೆಯಿಂದ ಶಾಲೆಗೆ ಇರುವ ಒಂದೂವರೆ ಮೈಲಿಯನ್ನು ನಡೆದೇ ಹೋಗುತ್ತೇನೆ. ಕೆರೆ ಏರಿಯ ಮೇಲೆ, ಯಾರೂ ನೋಡದ ಕಡೆ, ಸ್ವಲ್ಪ ಓಡುವುದೂ ಉಂಟು. ಆ ದಿನದ ಪಾಠದ ಮೊದಲ ವಾಕ್ಯವನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಓಡುತ್ತೇನೆ. ವಾಕ್ಯ ನಡುವೆ ತುಂಡಾದರೆ ನಡಿಗೆಗೆ ಇಳಿಯುತ್ತೇನೆ. ಮಹಡಿಯ ಮೆಟ್ಟಲುಗಳು ಅಷ್ಟೇ ಇವೆ. ಹತ್ತಿ ತರಗತಿಯೊಳಕ್ಕೆ ಹೋದ ಮೇಲೆ ಈಗ ಕುರ್ಚಿಯನ್ನು ಯಾರೂ ಎಳೆದುಕೊಡಬೇಕಾಗಿಲ್ಲ. ನಿಂತೇ ಪಾಠ ಆರಂಭಿಸುತ್ತೇನೆ. ತಾವೂ ನಾಳೆ ಬೆಳಗ್ಗೆ ಪಕ್ಕದ ಮನೆಯವರನ್ನು ಕರೆದುಕೊಂಡು ಹೊರಡಿರಿ. ಮಾತು ನಿಲ್ಲದಷ್ಟು ವೇಗವಾಗಿ ಹೋದರೆ ಸಾಕು.